ಗರ್ಭಗುಡಿಗೆ ಕೊಟ್ಟ ದೇಣಿಗೆ

ನನ್ನ ಬಾಯಿ ಮೊದಲಿನಿಂದಲೂ ಜೋರು. ಕುಷ್ಟಗಿಯ ಕನ್ನಡ ಸಾಲೆಯಲ್ಲಿ ನಾನು ಮಗ್ಗಿ ಹೇಳಿಸಲು ನಿಂತರೆ ಬಸ್‌ಸ್ಟ್ಯಾಂಡಿನಲ್ಲಿ ಕೂತವರೂ ಎರಡೊಂದ್ಲೆ ಎರಡು ಅನ್ನುತ್ತಾರೆ ಎಂದು ಊರವರು ಚೇಷ್ಟೆ ಮಾಡುತ್ತಿದ್ದರು. ಇಂಥ ಬಾಯಿಂದ ಒಂದೇ ಒಂದು ಶಬ್ದ ಮಾತ್ರ ಬೇಕಾದಾಗ ಹೊರಡಲಿಲ್ಲ. ಅದರ ಬದಲಿಗೆ ಬೇರೊಂದು ಹೊರಟಿತು. ಅದರಿಂದಾಗಿ ಗಂಗಾವತಿಯ ದೊಡ್ಡ ಸಾವ್ಕಾರರೊಬ್ಬರು ಕಾಯಿ ಕರ್ಪೂರ ಹಿಡಿದು, ಪೂಜೆಯ ಅಯ್ಯನವರನ್ನು ಜೊತೆಗೆ ಕಟ್ಟಿಕೊಂಡು ನಮ್ಮ ಮಹಿಳಾ ಮಂಡಳದ ಬಾಗಿಲಲ್ಲಿ ಬಂದಿಳಿದರು. ಆ ಪ್ರಸಂಗ ಹೇಳಬೇಕೆಂದರೆ ಮೊದಲು ನನ್ನ ತಂಗಿಯ ವಿಷಯ ಹೇಳಬೇಕು.

ತಂಗಿಗೆ ಚಿಕ್ಕಂದಿನಲ್ಲಿ ಜ್ವರ ಬಂದು ಕಿವಿ ಹೋದವು. ಕಿವಿಯ ಹಿಂದೆಯೇ ಮಾತೂ ಹೋಯಿತು. ಅಪ್ಪ ಬೇಗ ತೀರಿಕೊಂಡಿದ್ದರು. ಅವ್ವ, ನಾನು, ತಂಗಿ, ಎರಡು ಎಮ್ಮೆ, ಸ್ವಲ್ಪ ಹೊಲ, ಇಷ್ಟೇ ನಮ್ಮ ಸಂಸಾರ. ಮನೆಯಲ್ಲಿ ನಮ್ಮದೇ ಒಂದು ಕೈಭಾಷೆ ಬೆಳೆದಿತ್ತು. ಮೂಗಿನ ಪಕ್ಕ ಬೆರಳಿಟ್ಟರೆ ಮೂಗುತಿಯ ಅವ್ವ. ಎರಡು ಮುಷ್ಟಿ ಮೇಲೆ ಕೆಳಗೆ ಎಳೆದರೆ ಎಮ್ಮೆ. ಗಾಳಿಯಲ್ಲಿ ಬಳಪದಿಂದ ಬರೆದಂತೆ ಮಾಡಿದರೆ ನಾನು. ಹುಬ್ಬು ಗಂಟಿಕ್ಕಿ ಗಾಳಿಯಲ್ಲಿ ಬರೆದರೆ, ನಾನು ಸಿಟ್ಟಿನಲ್ಲಿದ್ದೇನೆ ಎಂದು ಅರ್ಥ. ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದ್ದ ಸನ್ನೆ ಇದೇ. ಮದುವೆಗೆ ಅಕ್ಕಿಕಾಳು ಎರಚುವ ಸನ್ನೆ, ಮಗುವಿಗೆ ತೊಟ್ಟಿಲು ತೂಗುವ ಸನ್ನೆ. ಅಕ್ಕಿಕಾಳಿಗೂ ತೊಟ್ಟಿಲಿಗೂ ನಡುವೆ ಏನು ನಡೆಯುತ್ತದೆ ಎನ್ನುವುದಕ್ಕೆ ಮಾತ್ರ ನಮ್ಮಲ್ಲಿ ಸನ್ನೆಯೇ ಇರಲಿಲ್ಲ.

ಅವಳು ದೊಡ್ಡವಳಾದಾಗ ನಾನು ರಾಯಚೂರಿನಲ್ಲಿ ಶಿಕ್ಷಕಿಯರ ತರಬೇತಿಯಲ್ಲಿದ್ದೆ. ಆಗ ನಮ್ಮ ತಾಲ್ಲೂಕುಗಳೆಲ್ಲ ರಾಯಚೂರು ಜಿಲ್ಲೆಗೇ ಸೇರಿದ್ದವು. ಸುದ್ದಿ ತಿಳಿದು ಊರಿಗೆ ಬಂದರೆ ಅವಳನ್ನು ಮೂಲೆಯಲ್ಲಿ ಚಾಪೆ ಹಾಕಿ ಕೂಡಿಸಿದ್ದರು. ಓಣಿಯ ಹೆಂಗಸರು ಆರತಿ ತಂದು, ಅಂಟಿನುಂಡಿ, ಕೊಬ್ಬರಿ, ಉತ್ತತ್ತಿ ಬಾಯಿಗಿಟ್ಟು, ಹಾಡು ಹೇಳಿ, ಕೆನ್ನೆ ಸವರಿ ಹೋಗುತ್ತಿದ್ದರು. ಎಲ್ಲರಿಗೂ ಹಿಗ್ಗು. ತಂಗಿ ಮಾತ್ರ ಕಣ್ಣು ಊದಿಸಿಕೊಂಡು ಅಳುತ್ತಿದ್ದಳು. ನನ್ನನ್ನು ಕಂಡವಳೇ ಕೈ ಹಿಡಿದೆಳೆದು ಸನ್ನೆಯಲ್ಲಿ ಕೇಳಿದಳು: ನಾನು ಸಾಯುವುದು ಯಾವಾಗ?

ಹಿಂದಿನ ವರ್ಷ ಪಕ್ಕದ ಮನೆಯ ಅಜ್ಜಿ ಸಾಯುವ ಮುಂದೆ ಹಾಸಿಗೆ ಹಿಡಿದಾಗ ಓಣಿಯವರೆಲ್ಲ ಹೀಗೆಯೇ ಬಂದು, ಬಾಯಿಗೆ ಸಿಹಿ ಹಾಕಿ, ಕೆನ್ನೆ ಸವರಿ ಹೋಗಿದ್ದನ್ನು ಅವಳು ನೋಡಿದ್ದಳು. ಮೈಯಿಂದ ರಕ್ತ ಹೋಗುತ್ತಿದೆ, ಜನ ಬಂದು ಉಂಡಿ ತಿನ್ನಿಸುತ್ತಿದ್ದಾರೆ. ಅವಳ ಲೆಕ್ಕ ಸರಿಯಾಗಿಯೇ ಇತ್ತು. ನನಗೆ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ನನ್ನನ್ನು ತೋರಿಸಿ, ಅವ್ವನನ್ನು ತೋರಿಸಿ, ಆರತಿ ತಂದವರನ್ನೆಲ್ಲ ತೋರಿಸಿ, ಇವರೆಲ್ಲರಿಗೂ ಆಗುತ್ತದೆ, ಯಾರೂ ಸತ್ತಿಲ್ಲ ಎಂದು ಒಪ್ಪಿಸುವಷ್ಟರಲ್ಲಿ ಸಾಕಾಗಿ ಹೋಯಿತು. ಹಾಗಾದರೆ ಯಾಕೆ ಆಗುತ್ತದೆ ಎಂದು ಕೇಳಿದಳು. ಅದಕ್ಕೆ ನನ್ನ ಕೈಯಲ್ಲಿ ಉತ್ತರ ಇರಲಿಲ್ಲ.

ಊರ ತುಂಬ ಗೋಡೆಗಳ ಮೇಲೆ ಆಗ ಕುಟುಂಬ ಯೋಜನೆಯ ಕೆಂಪು ತ್ರಿಕೋನ. ಪಕ್ಕದಲ್ಲಿ ಅಪ್ಪ, ಅವ್ವ, ಎರಡು ಮಕ್ಕಳು, ನಾಲ್ವರೂ ನಗುತ್ತಿದ್ದಾರೆ. ಇದನ್ನೇ ತೋರಿಸಿ ತಂಗಿಗೆ ಪಾಠ ಮಾಡೋಣ ಎಂದು ಒಮ್ಮೆ ಕರೆದುಕೊಂಡು ಹೋದೆ. ಅವಳು ಬಹಳ ಹೊತ್ತು ನೋಡಿ, ಊರಾಚೆಯ ದೊಡ್ಡ ರಸ್ತೆಯ ಕಡೆ ಕೈ ಮಾಡಿದಳು. ಅಲ್ಲಿ ತಿರುವಿನಲ್ಲಿ ಲಾರಿಯವರಿಗೆಂದು ನೆಟ್ಟ ಕೆಂಪು ತ್ರಿಕೋನದ ಫಲಕ ಅವಳಿಗೆ ಗೊತ್ತಿತ್ತು. ಎರಡು ಮಕ್ಕಳಿದ್ದವರು ಲಾರಿ ಬಂದೀತು, ನೋಡಿಕೊಂಡು ನಡೆಯಬೇಕು ಎಂದು ಅವಳು ಅರ್ಥ ಮಾಡಿಕೊಂಡಿದ್ದಳು. ಆ ನಾಲ್ವರು ಯಾಕೆ ಅಷ್ಟು ನಗುತ್ತಿದ್ದಾರೆ ಎಂದು ಸಾಲೆ ಕಲಿಸುವ ನನಗೇ ತಿಳಿಯುತ್ತಿರಲಿಲ್ಲ. ಇನ್ನು ಆಕೆಯದೇನು ತಪ್ಪು?

ಹೀಗೇ ವರ್ಷಗಳು ಹೋದವು. ಎಂಬತ್ತರ ದಶಕ ಶುರುವಾಗಿತ್ತು. ತಂಗಿ ಸೀರೆ ಉಟ್ಟು ಓಡಾಡುವವಳಾಗಿದ್ದಳು. ಒಂದು ದಿನ ನಮ್ಮ ಸೋದರಮಾವ ಮಂಗಳೂರಿನಿಂದ ಒಂದು ಸಂಬಂಧ ತಂದ. ಸಮುದ್ರದ ಮಂಗಳೂರಲ್ಲ, ಯಲಬುರ್ಗಾ ಕಡೆಯ ನಮ್ಮ ಜೋಳದ ಮಂಗಳೂರು.

"ಹುಡುಗಗ ಭೂಮಿ ಐತಿ, ಚಟ ಇಲ್ಲ. ಮಾತು ಬರದಿದ್ರೂ ನಡೀತೈತಿ, ದುಡಿಯೋ ಹುಡುಗಿ ಬೇಕು ಅಂದಾರ," ಎಂದ ಮಾವ.

ಅವ್ವನ ಕಣ್ಣಲ್ಲಿ ನೀರು ಬಂತು. ತಂಗಿಯನ್ನು ಕರೆದು ಅಕ್ಕಿಕಾಳು ಎರಚುವ ಸನ್ನೆ ಮಾಡಿ ಕೇಳಿದಳು. ತಂಗಿ ಹಲ್ಲು ಕಾಣುವಂತೆ ನಕ್ಕು ತಲೆ ಆಡಿಸಿದಳು. ಅವಳು ನೋಡಿದ್ದ ಮದುವೆಯೆಂದರೆ ಹೊಸ ಸೀರೆ, ಕೈ ತುಂಬ ಹಸಿರು ಬಳೆ, ಬುಂದೆ. ಬುಂದೆ ಅಂದರೆ ನಾನೂ ತಲೆ ಆಡಿಸುತ್ತಿದ್ದೆ.

"ಅಲ್ಲಬೇ, ಆಮ್ಯಾಲಿಂದು ಆಕಿಗೆ ಯಾರು ಹೇಳಾವ್ರು?" ಎಂದೆ ಅವ್ವನಿಗೆ.

"ನನಗ ಯಾರು ಹೇಳಿದ್ರವಾ? ಲಗ್ನ ಆದಮ್ಯಾಲೆ ತಿಳಕೋತಾಳ ಬಿಡು."

ನನಗೆ ಸಿಟ್ಟು ನೆತ್ತಿಗೇರಿತು. ಮಾತು ಬರುವ ಹುಡುಗಿಯಾದರೆ ಗೆಳತಿಯ ಹತ್ತಿರವೋ ಅತ್ತಿಗೆಯ ಹತ್ತಿರವೋ ಪಿಸುಗುಟ್ಟಿಯಾದರೂ ಕೇಳಿಕೊಳ್ಳುತ್ತಾಳೆ. ಇವಳಿಗೆ ಪಿಸುಮಾತೂ ಇಲ್ಲ. ಹಿಂದೆ ಮೂಲೆಯಲ್ಲಿ ಕೂತು ಸಾವಿಗೆ ಕಾದವಳು, ಈಗ ಗುರುತಿಲ್ಲದ ಗಂಡಸಿನ ಕೋಣೆಯೊಳಗೆ ಏನೆಂದು ತಿಳಿದಾಳು? ಯಾರನ್ನು ಕೇಳಿಯಾಳು? ಸುಗ್ಗಿ ಮುಗಿಯುವ ತನಕ ಹುಡುಗನನ್ನು ಕರೆಸಬೇಡ ಎಂದು ಅವ್ವನಿಂದ ಮಾತು ತೆಗೆದುಕೊಂಡೆ. ಅಷ್ಟರೊಳಗೆ ಅವಳಿಗೆ ಎಲ್ಲ ತಿಳಿಯುವ ಹಾಗೆ ಮಾಡುವುದು ನನ್ನ ಕೆಲಸ. ತಿಳಿದ ಮೇಲೆ ತಲೆ ಆಡಿಸಿದರೆ ಲಗ್ನ, ತಿಳಿಯದೆ ಆಡಿಸಿದ್ದಕ್ಕೆ ಲಗ್ನವಿಲ್ಲ ಎಂದು ಹಟ ಹಿಡಿದೆ.

ನಮ್ಮ ಮಹಿಳಾ ಮಂಡಳ ಅಂದರೆ ಒಂದು ಬಾಡಿಗೆ ಕೋಣೆ, ನಾಲ್ಕಾರು ಹೊಲಿಗೆಯಂತ್ರ, ಒಂದು ಡೋಲಕ್. ಸರಕಾರಿ ದವಾಖಾನೆಯ ನರ್ಸಬಾಯಿ ಅದರ ಜೀವಾಳ. ನನಗಿಂತ ಸ್ವಲ್ಪ ದೊಡ್ಡವಳು, ದಪ್ಪ ಕನ್ನಡಕ, ಯಾವ ಶಬ್ದಕ್ಕೂ ಹೆದರದವಳು. ಅವಳ ಹತ್ತಿರ ತರಬೇತಿಯಲ್ಲಿ ಕೊಟ್ಟ ಒಂದು ದೊಡ್ಡ ಚಿತ್ರಪಟವಿತ್ತು. ಹೆಂಗಸಿನ ಹೊಟ್ಟೆಯನ್ನು ಉದ್ದಕ್ಕೆ ಸೀಳಿದ ಚಿತ್ರ, ಸುತ್ತ ಇಂಗ್ಲಿಷ್ ಅಕ್ಷರ. ಅದನ್ನು ಮಂಡಳದಲ್ಲಿ ಬಿಡಿಸಿ ತೋರಿಸಿದಾಗ ಒಬ್ಬ ಮುದುಕಿ, "ಅಯ್ಯ ಶಿವನೇ, ಯಾರ ಕಡದ್ರವಾ ಈಕಿನ್ನ?" ಎಂದು ಗಾಬರಿಬಿದ್ದಳು. ತಂಗಿ ಅದನ್ನು ನೋಡಿ ಹಾಗಲಕಾಯಿ ಹೆಚ್ಚುವ ಸನ್ನೆ ಮಾಡಿದಳು.

ನರ್ಸಬಾಯಿ ಚಿತ್ರ ಸುತ್ತಿಟ್ಟು ಹೇಳಿದಳು: "ಇದು ಓದು ಬಂದಾವ್ರಿಗೂ ತಿಳಿಯಂಗಿಲ್ಲ. ಕೈಯಾಗ ಹಿಡದು, ತಗದು, ಒಳಗ ನೋಡೂವಂಥಾದ್ದು ಬೇಕು. ನಿನ್ನ ತಂಗಿಗಷ್ಟ ಅಲ್ಲ, ಎಲ್ಲಾರಿಗೂ ಬೇಕು."

ಕೈಯಲ್ಲಿ ಹಿಡಿಯುವಂಥದ್ದು ಎಂದೊಡನೆ ನಮ್ಮಿಬ್ಬರಿಗೂ ಒಂದೇ ಊರು ನೆನಪಾಯಿತು. ಕೊಪ್ಪಳದ ಹತ್ತಿರದ ಕಿನ್ನಾಳ. ಹಗುರ ಕಟ್ಟಿಗೆ ಕೆತ್ತಿ, ಹುಣಸೆಬೀಜದ ಅಂಟು ಬಳಿದು, ಮಿರಿಮಿರಿ ಬಣ್ಣ ಹಚ್ಚಿ ದೇವರ ಮೂರ್ತಿ, ಗೊಂಬೆ ಮಾಡುವ ಮನೆಗಳು ಅಲ್ಲಿವೆ. ಒಂದು ರವಿವಾರ ಹೋಗಿ ಒಬ್ಬ ಗೊಂಬೆ ಮಾಡುವವರನ್ನು ಕಂಡೆವು. ನರ್ಸಬಾಯಿ ಬಿಡಿಸಿ ಹೇಳಿದಳು: ಒಂದು ಹೆಣ್ಣು ಗೊಂಬೆ, ಹೊಟ್ಟೆಗೆ ಬಾಗಿಲು, ಒಳಗೆ ಗರ್ಭಚೀಲ, ಅದರಲ್ಲಿ ಕೂಸು. ಜೊತೆಗೆ ಒಂದು ಗಂಡು ಗೊಂಬೆ, ಧೋತರ ಬಿಚ್ಚಿ ಉಡಿಸುವಂಥದ್ದು.

ಅವರು ತಲೆ ಕೆರೆದುಕೊಂಡರು. "ಲಕ್ಷ್ಮಿ ಮಾಡ್ತೀವ್ರಿ, ಗೌರಿ ಮಾಡ್ತೀವಿ. ಮಾವಿನಹಣ್ಣು, ಬಾಳಿಹಣ್ಣು ಮಾಡ್ತೀವಿ. ಹೊಟ್ಟಿ ತಗಿಯೂವಂಥಾಕಿನ್ನ ಮಾಡಿಲ್ರಿ."

ಒಳಗಿನಿಂದ ಅವರ ಹೆಂಡತಿಯ ದನಿ ಬಂತು. "ಮಾಡಿಕೊಡ್ರಿ ಸುಮ್ನ. ಮಾವಿನಹಣ್ಣು ಗಿಡದಾಗೂ ಆಕ್ಕಾವು."

ಅವರು ಒಪ್ಪಿದರು. ಆದರೆ ಎರಡು ಗೊಂಬೆಗೆ ಹೇಳಿದ ಬೆಲೆಗೆ ನಮ್ಮ ಮಂಡಳದ ಡಬ್ಬಿ ಸಾಲುವಂತಿರಲಿಲ್ಲ.

ಸರಿ, ದೇಣಿಗೆ ಎತ್ತೋಣ ಎಂದು ಹೊರಟೆವು. ಕುಷ್ಟಗಿಯಲ್ಲಿ ಕೊಡುವ ಕೈಗಳಿಗೆ ಬರವಿರಲಿಲ್ಲ. ಸಾಲೆಗೆ ಗಂಟೆ ಬೇಕೆಂದರೆ ಕೊಟ್ಟರು, ದವಾಖಾನೆಗೆ ಕಲ್ಲಿನ ಬೆಂಚು ಬೇಕೆಂದರೆ ಕೊಟ್ಟರು. ಗಂಡ ಹೆಂಡತಿ ಮಕ್ಕಳ ವಿಷಯದ ತಿಳಿವಳಿಕೆಗೆ ಎಂದ ಕೂಡಲೇ ಎಲ್ಲರಿಗೂ ತುರ್ತು ಕೆಲಸ ನೆನಪಾಗುತ್ತಿತ್ತು. ಅರಿವೆ ಅಂಗಡಿಯವರು ನಮ್ಮ ಮಾತು ಮುಗಿಯುವ ಮೊದಲೇ ಒಂದು ಗೋಡೆ ಗಡಿಯಾರ ತೆಗೆದುಕೊಟ್ಟು ಕೈ ಮುಗಿದರು. ಅವರನ್ನು ನೋಡಿ ಕಿರಾಣಿಯವರೂ ಗಡಿಯಾರವನ್ನೇ ಕೊಟ್ಟರು. ಕೇಳಿದ್ದು ಗೊಂಬೆಗೆ, ಬಂದದ್ದು ಗಡಿಯಾರ. ಒಂದಕ್ಕೂ ಇನ್ನೊಂದಕ್ಕೂ ಹೊತ್ತು ಹೊಂದುತ್ತಿರಲಿಲ್ಲ. ಇತ್ತ ಸುಗ್ಗಿ ಹತ್ತಿರ ಬರುತ್ತಿತ್ತು. ಮಾವ ಬಂದಾಗಲೆಲ್ಲ, "ಏನಾತು ನಿಮ್ಮ ಪಾಠ?" ಎಂದು ಮೀಸೆಯಲ್ಲೇ ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಗ ಯಾರೋ ಗಂಗಾವತಿಯ ಸಾವ್ಕಾರರ ಹೆಸರು ಹೇಳಿದರು. ರೈಸ್‌ಮಿಲ್ಲಿನ ಮಾಲಕರು, ಧರ್ಮಕ್ಕೆ ಎತ್ತಿದ ಕೈ. ನೀರಿನ ಟಾಕಿ, ಗುಡಿಯ ಕಟ್ಟೆ, ಸಾಲೆಯ ಬೆಂಚು, ಎಲ್ಲೆಲ್ಲೂ ಅವರ ಹೆಸರು ಬರೆದಿರುತ್ತದೆ ಎಂದರು. ನರ್ಸಬಾಯಿ, ನಾನು ಕೆಂಪು ಬಸ್ಸು ಹತ್ತಿದೆವು. ಮಾತಾಡುವ ಜವಾಬ್ದಾರಿ ನನ್ನದು. ದಾರಿಯುದ್ದಕ್ಕೂ ಅವಳು ಹೇಳಿಕೊಟ್ಟಳು: ಪುಸ್ತಕದ ಶಬ್ದ ಗರ್ಭಕೋಶ, ಜನರ ಶಬ್ದ ಗರ್ಭಚೀಲ, ನೀನು ಜನರ ಶಬ್ದವನ್ನೇ ಹೇಳು, ತಟ್ಟನೆ ತಿಳಿಯುತ್ತದೆ.

ನಮ್ಮ ಕಡೆ ಜೋಳ, ಸಜ್ಜಿ ನೋಡಿದ ಕಣ್ಣಿಗೆ ಕಾಲುವೆ ನೀರಿನ ಆ ಭತ್ತದ ಸೀಮೆ ಬೇರೆಯೇ ರಾಜ್ಯದಂತೆ ಕಾಣುತ್ತಿತ್ತು. ಮಿಲ್ಲಿನೊಳಗೆ ತೌಡಿನ ಧೂಳು, ಯಂತ್ರದ ಗದ್ದಲ. ಸಾವ್ಕಾರರು ಗಾದಿಯ ಮೇಲೆ ಕೂತಿದ್ದರು. ಸುತ್ತ ಗುಮಾಸ್ತರು, ಹಮಾಲರು, ಮರಳಿ ಎಂಬ ಊರಿನಿಂದ ಭತ್ತ ತಂದ ರೈತರು. ಎಲ್ಲರ ಬಾಯಲ್ಲೂ ಒಂದೇ ಮಾತು. ಚೀಲ ಇಳಸ್ರಿ. ಚೀಲ ಹರದೈತಿ. ಆ ಚೀಲ ಹೊಲೀರಿ. ಒದ್ದಿ ಚೀಲ ಈ ಕಡೆ ಒಗೀರಿ.

ಇಂಥ ಕಡೆ ನಿಂತು ಗರ್ಭಚೀಲ ಎಂದರೆ ಹಮಾಲರು ಎಲ್ಲಿ ಇಳಿಸಲಿ ಎಂದು ಕೇಳಿದರೂ ಕೇಳಿಯಾರು. ಗರ್ಭಕೋಶ ಎನ್ನೋಣ ಎಂದರೆ ಅಷ್ಟು ಗಂಡಸರ ಮುಂದೆ ಅದೂ ಬಾಯಿಂದ ಹೊರಡಲಿಲ್ಲ. ಮರ್ಯಾದೆಯ ಶಬ್ದ ಹುಡುಕುತ್ತ ಹುಡುಕುತ್ತ ಬಾಯಿಗೆ ಬಂದದ್ದು ಗರ್ಭಗುಡಿ. ದೇವರು ಕೂರುವ ಜಾಗ, ಕೂಸು ಕೂರುವ ಜಾಗ, ಅರ್ಥಕ್ಕೇನೂ ಮೋಸವಿಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

"ಸಾವ್ಕಾರ್ರ, ನಮ್ಮ ಹೆಣ್ಮಕ್ಕಳ ಸಲುವಾಗಿ ಕಿನ್ನಾಳದಾಗ ಒಂದು ತಾಯಿ ಗೊಂಬಿ ಮಾಡಸಬೇಕಂತ ಮಾಡೇವ್ರಿ. ಗರ್ಭಗುಡಿ ಸಹಿತ."

ಸಾವ್ಕಾರರ ಕೈಗಳು ತಾವಾಗಿಯೇ ಕೂಡಿಕೊಂಡವು. "ಗರ್ಭಗುಡಿ ಸಹಿತ?"

"ಹೌದ್ರಿ. ಅದ ಮುಖ್ಯ. ಅದಿಲ್ಲಂದ್ರ ಗೊಂಬಿ ಮಾಡಿಸಿ ಏನು ಉಪಯೋಗ?"

"ಖರೇ ಮಾತು ಅಕ್ಕೋರ. ಬಾಗಲಾ?"

"ಮುಂದ ಇರತೈತ್ರಿ. ತಗದು ಮುಚ್ಚೂಹಂಗ."

"ಒಳಗ?"

"ಕೂಸು."

"ಬಾಲರೂಪ!" ಎಂದು ಸಾವ್ಕಾರರು ಕಣ್ಣು ಮುಚ್ಚಿದರು. ತೆರೆದು, "ತಾಯಿ ಮಕ ಯಾವ ಕಡೆ?" ಎಂದರು.

ಈ ಪ್ರಶ್ನೆ ನನಗೆ ವಿಚಿತ್ರವೆನಿಸಿತು. ಆದರೂ ತಡವರಿಸಲಿಲ್ಲ. "ಹೆಣ್ಮಕ್ಕಳ ಕಡೇರಿ," ಎಂದೆ.

"ಎಲ್ಲಾರಿಗೂ ದರ್ಶನ ಐತಿ?"

"ಎಲ್ಲಾರಿಗೂ ಐತ್ರಿ. ಯಾವ ಜಾತಿಯಾವ್ರು ಬಂದ್ರೂ ಸೈ. ಕೈಲೆ ಮುಟ್ಟಿ ನೋಡಬಹುದು."

ಸಾವ್ಕಾರರು ಟವೆಲಿನಿಂದ ಕಣ್ಣೊರೆಸಿಕೊಂಡರು. "ಭಾಳ ದೊಡ್ಡ ಮನಸು ನಿಮ್ದು. ಪೂರಾ ಖರ್ಚು ನಂದು. ಕಿನ್ನಾಳಕ್ಕ ನಾನ ಹೇಳಿ ಕಳಸ್ತೀನಿ, ತಾಯಿ ಮಕ ಛಲೋ ಬರಲಿ. ಪ್ರತಿಷ್ಠಾಪನಾ ದಿನ ಮನ್ಯಾಗಿನವ್ರನ್ನ ಕರಕೊಂಡು ಬರ್ತೀನಿ."

ದೊಡ್ಡವರು, ಉದ್ಘಾಟನೆಗೆ ಪ್ರತಿಷ್ಠಾಪನೆ ಎನ್ನುತ್ತಾರೇನೋ ಎಂದುಕೊಂಡೆ. ತಿರುಗಿ ಬರುವಾಗ ಬಸ್ಸಿನಲ್ಲಿ ನರ್ಸಬಾಯಿ ಕನ್ನಡಕ ಒರೆಸುತ್ತ, "ಯಾಕೋ ಭಾಳ ಲಗೂನ ಒಪ್ಪಿದ್ರಲ್ಲ?" ಎಂದಳು. ಹೇಳುವ ಹಾಗೆ ಹೇಳಿದರೆ ಒಪ್ಪದೆ ಏನು ಮಾಡುತ್ತಾರೆ ಎಂದು ನಾನು ಕಿಟಕಿಯಾಚೆ ನೋಡಿದೆ.

ಗೊಂಬೆಗಳು ಬಂದವು. ಕಿನ್ನಾಳದವರು ದೇವಿಯ ಮುಖ ಬಿಟ್ಟು ಬೇರೆ ಮುಖ ಮಾಡಿದವರಲ್ಲ. ಸಾವ್ಕಾರರ ಮಾತು ಬೇರೆ ಹೋಗಿತ್ತು. ಹೆಣ್ಣು ಗೊಂಬೆಗೆ ಕಿವಿಯವರೆಗೆ ಕಣ್ಣು, ಹಣೆ ತುಂಬ ಕುಂಕುಮ, ದೊಡ್ಡ ನತ್ತು. ಹಸಿರು ಸೀರೆಯ ತುಂಡು ಉಡಿಸಿ ಹೊಲಿಗೆಯಂತ್ರದ ಮೇಲೆ ಕೂಡಿಸಿದರೆ ಯಾರೇ ಆಗಲಿ ಚಪ್ಪಲಿ ಬಿಟ್ಟು ಬರಬೇಕು, ಹಾಗಿತ್ತು. ಗಂಡು ಗೊಂಬೆಯನ್ನು ನರ್ಸಬಾಯಿ ಪೆಟ್ಟಿಗೆಯಲ್ಲೇ ಇಟ್ಟಳು.

ಉದ್ಘಾಟನೆಯ ದಿನ ಮಂಡಳದ ಮುಂದೆ ಸಾವ್ಕಾರರ ಕಾರು ನಿಂತಿತು. ಮೊದಲು ಒಂದು ಬುಟ್ಟಿ ಚೆಂಡುಹೂವು ಇಳಿಯಿತು, ಆಮೇಲೆ ಕಾಯಿಯ ಗಂಟು, ಆಮೇಲೆ ಅಯ್ಯನವರು, ಕೊನೆಗೆ ಸಾವ್ಕಾರರು, ಅವರ ಹೆಂಡತಿ. ನನಗೆ ಆಗಲೂ ಹೊಳೆಯಲಿಲ್ಲ. ದೊಡ್ಡವರ ಉದ್ಘಾಟನೆ ಅಂದರೆ ಹೀಗೇ ಇರಬೇಕು ಎಂದು ಹಿಗ್ಗಿದೆ. ಊರಲ್ಲಿ ಸುದ್ದಿ ಹಬ್ಬಿ ಅವ್ವನೂ ಉಡಿ ತುಂಬುವ ಸಾಮಾನು ಹಿಡಿದು ಬಂದಿದ್ದಳು. ತಂಗಿಯನ್ನು ನಾನು ಗೊಂಬೆಯ ಎದುರಿಗೇ ಕೂಡಿಸಿದ್ದೆ.

ಅಯ್ಯನವರು ಮಂತ್ರ ಹೇಳಿದರು. ಆರತಿ ಆಯಿತು. ಹೂವು ಬಿತ್ತು. ಸಾವ್ಕಾರರು ಕಾಯಿ ಹಿಡಿದು ನಿಂತು ಗದ್ಗದ ದನಿಯಲ್ಲಿ, "ಇನ್ನ ಗರ್ಭಗುಡಿ ಬಾಗಲಾ ತಗೀರಿ," ಎಂದರು.

ನರ್ಸಬಾಯಿ ಸೀರೆ ಸರಿಸಿ ಗೊಂಬೆಯ ಹೊಟ್ಟೆ ತೆಗೆದಳು.

ಒಳಗೆ ಕೆಂಪು ಬಣ್ಣದ ಪುಟ್ಟ ಮನೆ. ಅದರಲ್ಲಿ ರೇಷ್ಮೆ ದಾರದ ಹೊಕ್ಕಳಬಳ್ಳಿ ಹಿಡಿದು, ಮೊಣಕಾಲು ಮಡಚಿ, ತಲೆಕೆಳಗಾಗಿ ಮಲಗಿದ ಕೂಸು. ಅಯ್ಯನವರ ಕೈಯ ಗಂಟೆ ಅರ್ಧಕ್ಕೇ ನಿಂತಿತು. ಸಾವ್ಕಾರರು ಬಗ್ಗಿ ದೇವಿಯನ್ನು ಹುಡುಕಿದರು.

"ಇದೇನ್ರಿ?"

"ಗರ್ಭಕೋಶ್ರಿ," ಎಂದಳು ನರ್ಸಬಾಯಿ, ದವಾಖಾನೆಯ ದನಿಯಲ್ಲಿ.

"ಗರ್ಭಗುಡಿ ಅಂದಿದ್ರಲ್ಲರೀ?"

ಎಲ್ಲರೂ ನನ್ನ ಕಡೆ ತಿರುಗಿದರು. ಚೀಲ, ಗುಡಿ, ದರ್ಶನ, ಬಾಲರೂಪ, ಎಲ್ಲವೂ ಒಮ್ಮೆಗೇ ನನ್ನ ತಲೆಯೊಳಗೆ ಬೆಳಕಾದವು. ಭೂಮಿ ಬಾಯಿ ಬಿಟ್ಟರೆ ಹೊಲಿಗೆಯಂತ್ರದ ಸಮೇತ ಇಳಿದುಹೋಗುತ್ತಿದ್ದೆ. ನಾಚಿಕೆಗಿಂತ ದೊಡ್ಡ ಹೆದರಿಕೆ ಬೇರೆ ಇತ್ತು. ಗೊಂಬೆ ಅವರ ದುಡ್ಡಿನದು. ಎತ್ತಿಕೊಂಡು ಹೋದರೆ ಮುಗಿಯಿತು. ಬರುವ ವಾರ ಮಂಗಳೂರಿನವರು ಬರುವವರಿದ್ದರು. ತಂಗಿ ಇದ್ಯಾವುದರ ಪರಿವೆಯಿಲ್ಲದೆ ಕತ್ತು ಚಾಚಿ ಕೂಸನ್ನೇ ನೋಡುತ್ತಿದ್ದಳು.

ಮುಂದೆ ಬಂದವರು ಸಾವ್ಕಾರರ ಹೆಂಡತಿ. ಗೊಂಬೆಯ ಹತ್ತಿರ ಕೂತು ಬಹಳ ಹೊತ್ತು ಒಳಗೆ ನೋಡಿದರು. "ತೆಲಿ ಕೆಳಗ ಯಾಕೈತಿ?" ಎಂದು ಕೇಳಿದರು.

"ಹುಟ್ಟೂ ಮುಂದ ಹಂಗ ಇರಬೇಕ್ರಿ," ಎಂದಳು ನರ್ಸಬಾಯಿ.

ಅವರು ಎರಡು ಬೆರಳಲ್ಲಿ ಆ ಮರದ ಕೂಸನ್ನು ಹಿಡಿದು, ಮೆಲ್ಲಗೆ ತಿರುಗಿಸಿ, ಅಡ್ಡಡ್ಡ ಮಲಗಿಸಿದರು. "ನನ್ನ ಚೊಚ್ಚಲದ್ದು ಅಡ್ಡ ಐತಿ ಅಂದಿದ್ರು. ಉಳೀಲಿಲ್ಲ. ಅಡ್ಡ ಅಂದ್ರೇನು ಅಂತ ಇವತ್ತಿನತನಕ ನನಗ ತಿಳಿದಿದ್ದಿಲ್ಲ. ಹೀಂಗೇನು?"

"ಹೌದ್ರಿ, ಹೀಂಗ."

ಅವರು ಕೂಸನ್ನು ಮತ್ತೆ ತಲೆ ಕೆಳಗೆ ಮಾಡಿ, ಸರಿಯಾಗಿ ಕೂಡಿಸಿ, ಗಂಡನ ಕಡೆ ತಿರುಗಿದರು. "ಕಾಯಿ ಒಡೀರಿ."

ಸಾವ್ಕಾರರು ಅಯ್ಯನವರ ಮುಖ ನೋಡಿದರು. ಅಯ್ಯನವರು ಗಂಟೆ ಕೆಳಗಿಟ್ಟು, "ಒಡೀರಿ. ನಾನೂ ಇಂಥಾದ್ರಾಗಿಂದನ ಬಂದೀನಿ," ಎಂದರು. ಕಾಯಿ ಒಡೆಯಿತು. ಸಾವ್ಕಾರರು ಬೆವರು ಒರೆಸಿಕೊಂಡು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಅಕ್ಕೋರ, ಕೊಟ್ಟದ್ದು ಕೊಟ್ಟಂಗ. ಆದ್ರ ನನ್ನ ಹೆಸರು ಮಾತ್ರ ಎಲ್ಲೂ ಬರೀಬ್ಯಾಡ್ರಿ." ಆಮೇಲೆ ಪೆಟ್ಟಿಗೆಯ ಕಡೆ ಕೈ ತೋರಿಸಿ, "ಅದರಾಗ ಇನ್ನೊಂದು ಮೂರ್ತಿ ಐತೇನು?" ಎಂದರು.

"ಐತ್ರಿ. ಅದು ಹೆಣ್ಮಕ್ಕಳಿಗಷ್ಟ," ಎಂದಳು ನರ್ಸಬಾಯಿ.

"ಹಂಗಾದ್ರ ನೀವಿಬ್ರೂ ಹೊರಗ ನಡೀರಿ," ಎಂದರು ಸಾವ್ಕಾರರ ಹೆಂಡತಿ. ಇಬ್ಬರು ದೊಡ್ಡ ಮನುಷ್ಯರು ಕಾಯಿಯ ಹೋಳು ಹಿಡಿದು ಕಟ್ಟೆಯ ಮೇಲೆ ಹೋಗಿ ಕೂತರು. ಬಾಗಿಲು ಮುಚ್ಚಿತು.

ಗಂಡು ಗೊಂಬೆ ಹೊರಬಂದಾಗ ಎದ್ದ ನಗೆ ಕಟ್ಟೆಯವರೆಗೆ ಕೇಳಿರಬೇಕು. ಕಿನ್ನಾಳದವರು ಅದಕ್ಕೆ ದೊಡ್ಡ ಹಳದಿ ರುಮಾಲು, ಹುರಿ ಮೀಸೆ ಮಾಡಿದ್ದರು. ಎಲ್ಲ ಬಿಚ್ಚಿದರೂ ರುಮಾಲು ಮಾತ್ರ ಬಿಚ್ಚುತ್ತಿರಲಿಲ್ಲ. ನರ್ಸಬಾಯಿ ಎರಡೂ ಗೊಂಬೆಗಳನ್ನು ಹಿಡಿದು, ಒಂದನ್ನೂ ಮುಚ್ಚಿಡದೆ, ಅವಸರ ಮಾಡದೆ, ತಂಗಿಯ ಕಣ್ಣೆದುರು ಎಲ್ಲ ತೋರಿಸಿದಳು. ತಿಂಗಳು ತಿಂಗಳು ರಕ್ತ ಎಲ್ಲಿಂದ ಬರುತ್ತದೆ, ಗಂಡ ಹೆಂಡತಿ ಕೂಡುವುದು ಹೇಗೆ, ಕೂಸು ನಿಲ್ಲುವುದೆಲ್ಲಿ, ಬರುವುದೆಲ್ಲಿಂದ, ಬೇಡವಾದಾಗ ತಡೆಯುವುದು ಹೇಗೆ. ತಂಗಿ ನಕ್ಕಳು, ಮುಖ ಮುಚ್ಚಿಕೊಂಡಳು, ಮತ್ತೆ ಬೆರಳ ಸಂದಿಯಿಂದ ನೋಡಿದಳು. ಆಮೇಲೆ ಗಂಭೀರವಾದಳು. ಕೂಸನ್ನು ತೆಗೆದು, ಇಟ್ಟು, ಬಾಗಿಲು ಹಾಕಿ, ತೆಗೆದು ನೋಡಿದಳು. ಅಕ್ಕಿಕಾಳು ಎರಚಿದಳು, ಹೊಟ್ಟೆಯ ಬಾಗಿಲು ತೆಗೆಯುವಂತೆ ಬೆರಳಾಡಿಸಿದಳು, ತೊಟ್ಟಿಲು ತೂಗಿದಳು. ನಡುವಿನ ಸನ್ನೆ ಅವಳಿಗೆ ಸಿಕ್ಕಿತ್ತು. ನನಗೆ ಎದೆ ತುಂಬಿ ಬಂತು.

ಅಷ್ಟಕ್ಕೇ ಅವಳು ನಿಲ್ಲಲಿಲ್ಲ. ಗಂಡು ಗೊಂಬೆಯನ್ನು ಹೆಣ್ಣು ಗೊಂಬೆಯ ಪಕ್ಕ ತಂದಳು. ಹೆಣ್ಣು ಗೊಂಬೆಯ ಪರವಾಗಿ ತನ್ನ ಅಂಗೈಯಿಂದ ಗಂಡು ಗೊಂಬೆಯನ್ನು ಮೆಲ್ಲಗೆ ಆಚೆ ತಳ್ಳಿದಳು. ಹುಬ್ಬೇರಿಸಿ ನಮ್ಮೆಲ್ಲರ ಮುಖ ನೋಡಿದಳು. ಹೀಗೂ ಮಾಡಬಹುದೇ?

ನಗೆ ನಿಂತುಹೋಯಿತು. ನರ್ಸಬಾಯಿ ತಲೆ ಆಡಿಸಿದಳು. "ಮಾಡಬಹುದು," ಎಂದು ಬಾಯಿಂದಲೂ ಹೇಳಿದಳು.

"ಹಂಗೂ ಮಾಡಬಹುದೇನವಾ?" ಎಂದರು ಸಾವ್ಕಾರರ ಹೆಂಡತಿ, ಯಾರಿಗೂ ಅಲ್ಲ ಎನ್ನುವಂತೆ. ಅವ್ವ ಸೆರಗು ಸರಿ ಮಾಡಿಕೊಂಡಳು.

ಅವತ್ತು ಹೊರಡುವ ಮುಂದೆ ಸಾವ್ಕಾರರ ಹೆಂಡತಿ ಗಂಗಾವತಿಗೂ ಒಂದು ಜೋಡಿ ಬೇಕು, ಗದ್ದೆ ನಾಟಿಗೆ ಬರುವ ಹೆಣ್ಣುಮಕ್ಕಳಿಗೆ ತೋರಿಸಬೇಕು ಎಂದು ಗಂಡನಿಗೆ ಕಾರಿನ ಬಾಗಿಲಲ್ಲೇ ಹೇಳಿದರು. ಮುಂದೆ ಕೊಪ್ಪಳಕ್ಕೂ ಯಲಬುರ್ಗಾಕ್ಕೂ ಒಂದೊಂದು ಜೋಡಿ ಹೋದವು. ಎಲ್ಲದಕ್ಕೂ ಖರ್ಚು ಸಾವ್ಕಾರರದೇ, ಎಲ್ಲೂ ಹೆಸರಿಲ್ಲ. ಗರ್ಭಗುಡಿ ಗೊಂಬಿ ಎನ್ನುವ ನನ್ನ ಶಬ್ದ ಮಾತ್ರ ಊರೂರಲ್ಲಿ ಉಳಿಯಿತು.

ಮುಂದಿನ ವಾರ ಮಂಗಳೂರಿನಿಂದ ಹುಡುಗ ಬಂದ, ಜೊತೆಗೆ ಅವನ ಅಣ್ಣ. ಕೆಟ್ಟ ಹುಡುಗನೇನಲ್ಲ. ಇಸ್ತ್ರಿ ಅಂಗಿ, ತಗ್ಗಿದ ದನಿ. ತಂಗಿ ಉಪ್ಪಿಟ್ಟು, ಚಹಾ ತಂದಿಟ್ಟು ಎದುರಿಗೇ ಕೂತಳು. ಮಾವ ಒಳಗೆ ನಡೆ ಎಂದು ಕಣ್ಸನ್ನೆ ಮಾಡಿದ, ಅವಳು ಏಳಲಿಲ್ಲ. ಹುಡುಗನ ಕಡೆ ನೋಡಿ ಎರಡು ಮುಷ್ಟಿಯನ್ನು ಮೇಲೆ ಕೆಳಗೆ ಎಳೆದಳು. ನಿಮ್ಮಲ್ಲಿ ಎಮ್ಮೆ ಇವೆಯೇ? ಹಾಲು ಕರೆಯುವುದನ್ನು ಕಂಡ ಯಾರಿಗಾದರೂ ತಿಳಿಯುವ ಸನ್ನೆ. ಹುಡುಗ ಮಾವನ ಕಡೆ ತಿರುಗಿ, "ಏನಂತಾಳ್ರಿ?" ಎಂದ. ಮಾವ ಹೇಳಿದ. "ಅದಾವ್ರಿ," ಎಂದ ಹುಡುಗ, ಮಾವನಿಗೇ. ತಂಗಿ ಮತ್ತೇನೋ ಕೇಳಲು ಕೈ ಎತ್ತಿದಳು. ಅವನು ಚಹಾದ ಕಪ್ಪುಬಸಿ ನೋಡುತ್ತ ಅಣ್ಣನ ಜೊತೆ ಹೊಲದ ಮಾತಿಗೆ ಹೋದ. ಅವಳ ಕೈ ಸ್ವಲ್ಪ ಹೊತ್ತು ಗಾಳಿಯಲ್ಲಿದ್ದು ಕೆಳಗಿಳಿಯಿತು.

ಅವರು ಹೋದ ಮೇಲೆ ಮಾವ, "ಮುಗೀತು, ಪಕ್ಕಾ ಆತು," ಎಂದು ಹೆಗಲ ಟವೆಲ್ ಕೊಡವಿದ. ತಂಗಿ ಬಂದು ನನ್ನ ಮುಂದೆ ನಿಂತಳು. ಅಕ್ಕಿಕಾಳು ಎರಚಿ ತಲೆ ಆಡಿಸಿದಳು: ಮದುವೆ ಬೇಕು. ಬಾಗಿಲು ತೆಗೆಯುವ ಬೆರಳಾಡಿಸಿ ತಲೆ ಆಡಿಸಿದಳು: ಅದೂ ಗೊತ್ತು, ಹೆದರಿಕೆ ಇಲ್ಲ. ತೊಟ್ಟಿಲು ತೂಗಿ ತಲೆ ಆಡಿಸಿದಳು. ಆಮೇಲೆ ಬೀದಿಯ ಕಡೆ ತೋರಿಸಿ, ಅಂಗೈ ಮುಂದೆ ಮಾಡಿ ತಳ್ಳಿದಳು. ಇವನು ಬೇಡ.

ಯಾಕೆ ಎಂದು ಕೇಳಿದೆ. ತನ್ನ ಎರಡೂ ಕೈಗಳನ್ನು ನನ್ನ ಮುಖದ ಮುಂದೆ ಹಿಡಿದು ತೋರಿಸಿ, ತಾನು ಕಣ್ಣು ಮುಚ್ಚಿಕೊಂಡಳು. ನನ್ನ ಕೈ ಅವನು ನೋಡಲೇ ಇಲ್ಲ.

ಎಲ್ಲ ತಿಳಿದು ಹೂಂ ಅನ್ನಲಿ ಎಂದು ನಾನು ಅಷ್ಟೆಲ್ಲ ಓಡಾಡಿದ್ದೆ. ಎಲ್ಲ ತಿಳಿದವಳು ಊಹೂಂ ಎಂದೂ ಅನ್ನಬಹುದು ಎನ್ನುವುದು ನನ್ನ ಶಾಣ್ಯಾತನಕ್ಕೆ ಹೊಳೆದೇ ಇರಲಿಲ್ಲ. ನನಗೆ ನಗು ಬಂತು, ಅವಳನ್ನು ಅಪ್ಪಿಕೊಂಡೆ. ಮಾವನ ಮುಖ ಇಳಿಯಿತು. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಒಲೆಯ ಮುಂದಿನಿಂದ ಎದ್ದು ಬಂದಳು.

"ಯಕ್ಕಾ, ಮಂಗಳೂರಾಗ ಏನು ಹೇಳ್ಲಿ?" ಎಂದ ಮಾವ. "ಕುಂಡ್ಲಿ ಕೂಡಲಿಲ್ಲ ಅನ್ಲೇನು?"

"ಸುಳ್ಳು ಯಾಕ ಹೇಳ್ತಿ ತಮ್ಮಾ? ಹುಡುಗಿ ಒಲ್ಲೆ ಅಂದಾಳ ಅಂತ ಹೇಳು."

"ಮಾತು ಬರಲಾರದಾಕಿ ಹೆಂಗ ಅಂದ್ಲು ಅಂತ ಕೇಳಿದ್ರ?"

ಅವ್ವ ಹಿಟ್ಟು ಹತ್ತಿದ ಬಲಗೈ ಎತ್ತಿ, ಅಂಗೈ ಮುಂದೆ ಮಾಡಿ, ಗಾಳಿಯನ್ನು ಮೆಲ್ಲಗೆ ಆಚೆ ತಳ್ಳಿದಳು.

"ಹೀಂಗ ಅಂದ್ಲು ಅಂತ ತೋರಸು," ಎಂದಳು. ಕೈಯನ್ನು ಕೂಡಲೇ ಇಳಿಸಲಿಲ್ಲ, ತಿರುಗಿಸಿ ತಾನೇ ಒಮ್ಮೆ ನೋಡಿಕೊಂಡಳು. ಐದು ಮಕ್ಕಳನ್ನು ಹಡೆದು, ಇಬ್ಬರನ್ನು ಉಳಿಸಿಕೊಂಡ ಅವ್ವ ಆ ಸನ್ನೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.